ಹಳೆಯ ಯಂತ್ರದ ನೆನಪು ಹೊಸ ಯಂತ್ರಕ್ಕೆ

ಒಂದು ಕೊಡದ ನೀರನ್ನು ಇನ್ನೊಂದಕ್ಕೆ ಸುರಿದರೆ ಮೊದಲನೆಯ ಕೊಡ ಬರಿದಾಗುತ್ತದೆ. ಆದರೆ ಒಂದು ಪುಸ್ತಕದಲ್ಲಿರುವ ವಿಳಾಸವನ್ನು ಇನ್ನೊಂದು ಪುಸ್ತಕಕ್ಕೆ ಬರೆದುಕೊಂಡರೆ ಅದು ಎರಡು ಕಡೆಗಳಲ್ಲಿಯೂ ಉಳಿಯುತ್ತದೆ. ಮುಂದೊಂದು ದಿನ ಒಂದು ಪುಸ್ತಕದಲ್ಲಿ ಮಾತ್ರ ಆ ವಿಳಾಸವನ್ನು ತಿದ್ದಿದೆವೆನ್ನೋಣ. ಆಗ ಎರಡರಲ್ಲಿ ಯಾವುದನ್ನು ನಂಬಬೇಕು? ಹಳೆಯ ಯಂತ್ರದಲ್ಲಿರುವ ಮಾಹಿತಿಯನ್ನು ಹೊಸ ಯಂತ್ರಕ್ಕೆ ಸಾಗಿಸುವಾಗ ಏಳುವ ತೊಡಕುಗಳಿಗೆಲ್ಲ ಈ ಪ್ರಶ್ನೆಯೇ ಮೂಲ. ಇದನ್ನು ಚೆನ್ನಾಗಿ ತಿಳಿಯಲು, ಈಗ ಬಳಕೆಯಿಂದ ಮರೆಯಾಗಿರುವ ಅಂಗೈಯಗಲದ ಯಂತ್ರವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಆ ಯಂತ್ರದ ಹೆಸರು ಪೈಲಟ್. ಅಮೆರಿಕದ ಪಾಮ್ ಕಂಪ್ಯೂಟಿಂಗ್ ಸಂಸ್ಥೆಯು ಇದನ್ನು 1996ರಲ್ಲಿ ಮಾರುಕಟ್ಟೆಗೆ ತಂದಿತು. ಇದರ ನಿರ್ಮಾತೃ ಜೆಫ್ ಹಾಕಿನ್ಸ್, ಯಂತ್ರವಿನ್ನೂ ಹುಟ್ಟುವ ಮೊದಲೇ ಅದೇ ಅಳತೆಯ ಮರದ ತುಂಡೊಂದನ್ನು ಕಿಸೆಯಲ್ಲಿಟ್ಟುಕೊಂಡು ತಿರುಗಿ, ಗಾತ್ರ ಸರಿಯಾಗಿದೆಯೇ ಎಂದು ಪರೀಕ್ಷಿಸಿದನಂತೆ. ವಿಳಾಸಗಳು, ದಿನಚರಿ, ಮಾಡಬೇಕಾದ ಕೆಲಸಗಳ ಪಟ್ಟಿ, ಬಿಡಿ ಟಿಪ್ಪಣಿಗಳು ಇವಿಷ್ಟನ್ನು ಕಾಪಾಡುವುದು ಯಂತ್ರದ ಮುಖ್ಯ ಕೆಲಸ. ಎರಡು ಸಣ್ಣ ಬ್ಯಾಟರಿ ಸೆಲ್ಲುಗಳು ಅದಕ್ಕೆ ಸಾಕಾಗುತ್ತಿದ್ದವು. ಅದರ ಅಗ್ಗದ ಮಾದರಿಯ ಸ್ಮೃತಿಯ ಗಾತ್ರ 128 ಕಿಲೊಬೈಟ್. ಎಂದರೆ ಸುಮಾರು 1,31,000 ಇಂಗ್ಲಿಷ್ ಅಕ್ಷರಗಳಿಗೆ ಸಾಲುವಷ್ಟು ಸ್ಥಳ.

ಈ ಸ್ಮೃತಿಗೆ ಒಂದು ದೌರ್ಬಲ್ಯವಿತ್ತು. ಅದರ ಒಂದೊಂದು ಕೋಶವೂ ಅತಿ ಸೂಕ್ಷ್ಮವಾದ ಒಂದು ವಿದ್ಯುತ್ ಧಾರಕ. ಧಾರಕದಲ್ಲಿ ವಿದ್ಯುದಾವೇಶವಿದ್ದರೆ 1 ಎಂದೂ ಇಲ್ಲದಿದ್ದರೆ 0 ಎಂದೂ ಅರ್ಥ. ಆದರೆ ತೂತುಬಿದ್ದ ಬಟ್ಟಲಿನಲ್ಲಿ ನೀರು ನಿಲ್ಲದಂತೆ, ಇಷ್ಟು ಚಿಕ್ಕ ಧಾರಕದಲ್ಲಿ ಆವೇಶವು ಬಹುಕಾಲ ನಿಲ್ಲದು. ಆದುದರಿಂದ ಯಂತ್ರವು ಪ್ರತಿ ಸೆಕೆಂಡಿನಲ್ಲಿಯೂ ಹಲವು ಸಲ ಕೋಶಗಳನ್ನು ಓದಿ, ಓದಿದ್ದನ್ನೇ ಮತ್ತೆ ಬರೆಯುತ್ತಿರಬೇಕು. ಪರದೆ ಆರಿ ಯಂತ್ರ ನಿದ್ರಿಸುತ್ತಿರುವಂತೆ ಕಂಡಾಗಲೂ ಈ ಕೆಲಸ ನಡೆದೇ ಇರುತ್ತದೆ. ಸೆಲ್ಲುಗಳು ಪೂರ್ತಿ ಬರಿದಾದರೆ ಬರೆದುದೆಲ್ಲ ಅಳಿದುಹೋಗುತ್ತದೆ. ಸೆಲ್ಲು ಬದಲಾಯಿಸುವಾಗ ಸುಮಾರು ಒಂದು ನಿಮಿಷದೊಳಗೆ ಕೆಲಸ ಮುಗಿಸಬೇಕೆಂಬ ಎಚ್ಚರಿಕೆ ಇದ್ದುದು ಇದೇ ಕಾರಣದಿಂದ.

ಇಂತಹ ಸ್ಮೃತಿಯನ್ನು ನಂಬಿ ವರ್ಷಗಟ್ಟಲೆಯ ಬರಹವನ್ನು ಒಪ್ಪಿಸುವುದು ಹೇಗೆ? ಇದಕ್ಕೆ ಉಪಾಯವೆಂದು ಯಂತ್ರದ ಜೊತೆಯಲ್ಲಿ ತೊಟ್ಟಿಲಿನಂತಹ ಒಂದು ಪೀಠವನ್ನು ಕೊಟ್ಟಿದ್ದರು. ಪೀಠದಿಂದ ಒಂದು ತಂತಿ ಮೇಜಿನ ಕಂಪ್ಯೂಟರಿಗೆ ಹೋಗುತ್ತದೆ. ಯಂತ್ರವನ್ನು ಪೀಠದಲ್ಲಿರಿಸಿ ಗುಂಡಿ ಒತ್ತಿದೊಡನೆ ಎರಡರ ಬರಹಗಳೂ ಪರಸ್ಪರ ತಾಳೆಯಾಗುತ್ತವೆ. ಇದಕ್ಕೆ ಹಾಟ್‌ಸಿಂಕ್ ಎಂದು ಹೆಸರು. ಅಂಗಡಿಯ ಗುಮಾಸ್ತನು ರೋಕಡಿಯನ್ನೂ ಖಾತೆಯನ್ನೂ ಮುಂದಿಟ್ಟುಕೊಂಡು ತಾಳೆ ನೋಡುವಂತೆಯೇ ಇದು.

ತಾಳೆ ನೋಡುವ ಕ್ರಮ ಹೀಗಿದೆ. ಯಂತ್ರದಲ್ಲಿರುವ ಪ್ರತಿಯೊಂದು ದಾಖಲೆಗೂ 24 ಬಿಟ್ಟುಗಳ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದರ ಜೊತೆಗೆ ಎರಡು ಪುಟ್ಟ ಗುರುತುಗಳಿಗೆ ಸ್ಥಳವಿದೆ: ‘ಇದನ್ನು ತಿದ್ದಲಾಗಿದೆ’ ಎಂಬುದೊಂದು, ‘ಇದನ್ನು ಅಳಿಸಲಾಗಿದೆ’ ಎಂಬುದಿನ್ನೊಂದು. ತಾಳೆಯಾಗುವಾಗ ಗುರುತು ಬಿದ್ದ ದಾಖಲೆಗಳನ್ನಷ್ಟೇ ಸಾಗಿಸಿ, ಬಳಿಕ ಗುರುತುಗಳನ್ನು ಒರಸಿಬಿಟ್ಟರೆ ಆಯಿತು. ಒಂದೇ ದಾಖಲೆಯನ್ನು ಎರಡು ಕಡೆಗಳಲ್ಲಿಯೂ ಬೇರೆಬೇರೆಯಾಗಿ ತಿದ್ದಿದ್ದರೆ, ಎರಡನ್ನೂ ಉಳಿಸಿಕೊಂಡು ತೀರ್ಮಾನವನ್ನು ಯಜಮಾನನಿಗೆ ಬಿಡುವುದು ಕ್ರಮ. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಅಳಿಸಿದ್ದರೆ ತಿದ್ದಿದ್ದೇ ಉಳಿಯುತ್ತದೆ. ಬೇಡದ್ದು ಉಳಿದರೆ ಆಮೇಲೆ ಅಳಿಸಬಹುದು. ಬೇಕಾದುದು ಅಳಿದರೆ ಮರಳಿ ತರುವುದು ಕಷ್ಟ. ನಿಯಮದ ಹಿಂದಿರುವ ವಿವೇಕ ಇಷ್ಟೇ.

ಈಗ ಹೊಸ ಯಂತ್ರವನ್ನು ಕೊಂಡೆವೆನ್ನೋಣ. ಅದರಲ್ಲಿ ಒಂದು ದಾಖಲೆಯೂ ಇಲ್ಲ. ಪೀಠದಲ್ಲಿ ಇರಿಸಿದಾಗ ಕಂಪ್ಯೂಟರು ಏನೆಂದು ತಿಳಿಯಬೇಕು? ‘ಯಜಮಾನನು ಎಲ್ಲವನ್ನೂ ಅಳಿಸಿದ್ದಾನೆ, ನಾನೂ ಅಳಿಸಿಬಿಡುತ್ತೇನೆ’ ಎಂದು ಅದು ತಿಳಿದರೆ ಅನಾಹುತವಾದೀತು! ಹಾಗಾಗದಂತೆ ಕಾಯುವುದು ಮೇಲೆ ಹೇಳಿದ ಗುರುತುಗಳು. ಅಳಿಸಿದ ದಾಖಲೆಯು ತನ್ನ ಸಂಖ್ಯೆಯನ್ನೂ ಅಳಿಸಿದ ಗುರುತನ್ನೂ ಬಿಟ್ಟುಹೋಗಿರುತ್ತದೆ. ಬರಿಯ ಯಂತ್ರದಲ್ಲಿ ಅಂತಹ ಗುರುತಾವುದೂ ಇಲ್ಲ. ಯಜಮಾನನ ಹೆಸರು ಕೂಡ ಇಲ್ಲ. ಆದುದರಿಂದ ಕಂಪ್ಯೂಟರು ‘ಇದು ಯಾರ ಯಂತ್ರ?’ ಎಂದು ಮೊದಲು ಕೇಳುತ್ತದೆ. ನಾವು ಹೆಸರನ್ನು ಆರಿಸಿದ ಮೇಲೆ ತನ್ನಲ್ಲಿರುವ ಪ್ರತಿಯನ್ನು ಹೊಸ ಯಂತ್ರಕ್ಕೆ ಬರೆಯುತ್ತದೆ. ‘ಇಲ್ಲದಿರುವುದು’ ಬೇರೆ, ‘ಅಳಿಸಿರುವುದು’ ಬೇರೆ ಎಂಬ ಈ ಭೇದವನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಎರಡು ಅಪಾಯಗಳು ಮಾತ್ರ ಆಗಲೂ ಉಳಿಯುತ್ತವೆ. ತಾಳೆ ನೋಡುವುದನ್ನು ಬಿಟ್ಟು, ಒಂದು ಕಡೆಯ ಪ್ರತಿಯನ್ನು ಇನ್ನೊಂದರ ಮೇಲೆ ಪೂರ್ತಿಯಾಗಿ ಬರೆಯುವಂತೆ ಆಜ್ಞಾಪಿಸುವ ಅವಕಾಶ ಯಜಮಾನನಿಗೆ ಇತ್ತು. ಆ ಆಜ್ಞೆಯ ದಿಕ್ಕು ತಪ್ಪಿದರೆ ಬರಿಯ ಯಂತ್ರದ ಶೂನ್ಯವೇ ತುಂಬಿದ ಕಡತವನ್ನು ಅಳಿಸುತ್ತದೆ. ಎರಡನೆಯದು, ಹಳೆಯ ಯಂತ್ರಕ್ಕೂ ಹೊಸದಕ್ಕೂ ಒಂದೇ ಹೆಸರಿಟ್ಟು ಎರಡನ್ನೂ ಬಳಸುವುದು. ಒಂದರೊಡನೆ ತಾಳೆಯಾದಾಗ ಒರಸಿಹೋದ ಗುರುತು ಇನ್ನೊಂದಕ್ಕೆ ಸಿಕ್ಕುವುದಿಲ್ಲ. ತಿದ್ದುಪಡಿ ದಾರಿಯಲ್ಲಿಯೇ ತಪ್ಪಿಹೋಗುತ್ತದೆ.

ದಾಖಲೆ ಕ್ಷೇಮವಾಗಿ ತಲುಪಿದರೂ ಅದರ ಅರ್ಥ ತಲುಪಬೇಕಷ್ಟೆ. ಈ ಯಂತ್ರವು ದಿನಾಂಕವನ್ನು 16 ಬಿಟ್ಟುಗಳಲ್ಲಿ ಬರೆಯುತ್ತಿತ್ತು: ದಿನಕ್ಕೆ 5, ತಿಂಗಳಿಗೆ 4, ವರ್ಷಕ್ಕೆ 7. ವರ್ಷವನ್ನು 1904ರಿಂದ ಎಣಿಸುವುದು ಅದರ ಪದ್ಧತಿ. ಹೀಗಾಗಿ 2001 ಎಂಬುದು ಅದರೊಳಗೆ 97. ಕಾಲವನ್ನು 1970ರಿಂದ ಎಣಿಸುವ ಯಂತ್ರಗಳೂ ಉಂಟು. ಅಂತಹ ಯಂತ್ರವು ಈ 97ನ್ನು ತನ್ನ ಪದ್ಧತಿಯಂತೆ ಓದಿದರೆ 2067 ಎಂದೀತು! ಒಂದು ಬಿಟ್ಟೂ ಕೆಟ್ಟಿಲ್ಲ. ಆದರೂ ಮಾಹಿತಿ ಸುಳ್ಳಾಗಿದೆ. 7 ಬಿಟ್ಟುಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 127 ಆದುದರಿಂದ ಈ ಪಂಚಾಂಗವು 2031ಕ್ಕೆ ಮುಗಿದುಹೋಗುತ್ತದೆ ಎಂಬುದನ್ನೂ ವಾಚಕರು ಲೆಕ್ಕ ಹಾಕಿ ನೋಡಬಹುದು.

ಮುಂದೆ ಯಂತ್ರಗಳು ಸುಧಾರಿಸಿದವು. 2004ರಲ್ಲಿ ಬಂದ ಟಂಗ್‌ಸ್ಟನ್ ಟಿ5 ಎಂಬ ಮಾದರಿಯಲ್ಲಿ ಫ್ಲಾಶ್ ಸ್ಮೃತಿಯನ್ನು ಬಳಸಿದರು. ಇದರಲ್ಲಿ ಆವೇಶವನ್ನು ಸುತ್ತಲೂ ಅವಾಹಕದಿಂದ ಮುಚ್ಚಿರುವುದರಿಂದ ಬ್ಯಾಟರಿ ಬರಿದಾದರೂ ಬರಹ ವರ್ಷಗಟ್ಟಲೆ ಉಳಿಯುತ್ತದೆ. ನಮ್ಮ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಕೂಡಿ ರೂಪಿಸಿ 2001ರಲ್ಲಿ ಪ್ರಕಟಪಡಿಸಿದ ಸಿಂಪ್ಯೂಟರ್ ಇನ್ನೊಂದು ದಾರಿ ಹಿಡಿಯಿತು. ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಂಡು ಬಳಸಬಹುದು. ಅವರವರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡಿನಲ್ಲಿರುತ್ತದೆ. ಯಂತ್ರ ಬದಲಾದರೂ ಕಾರ್ಡು ಬದಲಾಗಬೇಕಿಲ್ಲ ಎಂಬುದು ಇದರ ಯುಕ್ತಿ.

ಪಾಮ್ ಯಂತ್ರಗಳ ಸ್ಥಾನವನ್ನು ಇಂದು ದೂರವಾಣಿಯೇ ಆಕ್ರಮಿಸಿದೆ. ತಂತಿಯ ಬದಲು ರೇಡಿಯೊ ಅಲೆ ಬಂದಿದೆ. ಮೇಜಿನ ಕಂಪ್ಯೂಟರಿನ ಬದಲು ದೂರದೂರಿನ ಕಂಪ್ಯೂಟರು ಬಂದಿದೆ. ತಾಳೆ ನೋಡುವ ತತ್ತ್ವ ಮಾತ್ರ ಹಳೆಯದೇ. ಆದುದರಿಂದ ಹೊಸ ದೂರವಾಣಿಯನ್ನು ಕೊಂಡವರು ಹಳೆಯದನ್ನು ಕೂಡಲೇ ಅಳಿಸಿ ಮಾರಿಬಿಡಬಾರದು. ಮೂರನೆಯ ಕಡೆ ಒಂದು ಪ್ರತಿಯನ್ನು ಇರಿಸಿ, ಯಾವ ಕಡೆಯಿಂದ ಯಾವ ಕಡೆಗೆ ಬರೆಯುತ್ತಿದ್ದೇವೆಂಬುದನ್ನು ಎರಡು ಸಲ ನೋಡಿ, ವರ್ಗಾವಣೆ ಮುಗಿದ ಮೇಲೆ ಕೆಲವು ವಿಳಾಸಗಳನ್ನೂ ದಿನಾಂಕಗಳನ್ನೂ ಕಣ್ಣಾರೆ ಹೋಲಿಸಬೇಕು. ‘ವರ್ಗಾವಣೆ ಮುಗಿಯಿತು’ ಎಂದು ಯಂತ್ರ ಹೇಳುವುದು ಬಿಟ್ಟುಗಳ ಮಾತು. ಅರ್ಥವೂ ತಲುಪಿತೆಂದು ಹೇಳಬೇಕಾದವರು ನಾವು.