ಬ್ರೌಸರ್ ಭಾಷೆಗೆ ಸರ್ವರ್ ಕೆಲಸ: ಜಾವಾಸ್ಕ್ರಿಪ್ಟ್ ಎಡವುವುದೆಲ್ಲಿ?

ಆನ್‌ಲೈನ್ ಅರ್ಜಿಯಲ್ಲಿ ಮೊಬೈಲ್ ಸಂಖ್ಯೆಯ ಒಂದು ಅಂಕಿ ಬಿಟ್ಟರೆ ತಕ್ಷಣ ಕೆಂಪು ಅಕ್ಷರದಲ್ಲಿ ಎಚ್ಚರಿಕೆ ಬರುತ್ತದಲ್ಲ, ಅದು ಸಾಮಾನ್ಯವಾಗಿ ಜಾವಾಸ್ಕ್ರಿಪ್ಟ್‌ನ ಕೆಲಸ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಇದರ ಮೊದಲ ರೂಪ ಸಿದ್ಧಪಡಿಸಿದ್ದರು. ಬ್ರೌಸರ್‌ಗಾಗಿ ಹುಟ್ಟಿದ ಈ ಭಾಷೆ ಸರ್ವರ್‌ನಲ್ಲಿ ಜನಪ್ರಿಯವಾಗಿದ್ದು 2009ರಲ್ಲಿ ರಯಾನ್ ಡಾಲ್ ರೂಪಿಸಿದ ನೋಡ್.ಜೆಎಸ್‌ನಿಂದ. ಎರಡೂ ಕಡೆಗೆ ಒಂದೇ ಭಾಷೆ ಸಾಕು ಎಂಬುದು ಕಂಪನಿಗಳಿಗೆ ಹಿಡಿಸಿತು. ಆದರೆ ಈ ಅನುಕೂಲಕ್ಕೆ ಮಿತಿಗಳಿವೆ.

ಒಂದೇ ಕೌಂಟರ್, ಉದ್ದದ ಸಾಲು

ದೆಹಲಿಯಲ್ಲಿ ಬ್ಲೂ ಮತ್ತು ಪಿಂಕ್ ಲೈನ್‌ಗಳು ಸೇರುವ ಮಯೂರ್ ವಿಹಾರ್ ಫೇಸ್-1 ಮೆಟ್ರೊ ನಿಲ್ದಾಣವನ್ನೇ ನೆನೆಸಿಕೊಳ್ಳಿ. ಅಲ್ಲಿ ಟಿಕೆಟ್‌ಗೆ ಒಂದೇ ಕೌಂಟರ್ ಇದೆ ಎಂದುಕೊಳ್ಳೋಣ. ಸಿಬ್ಬಂದಿ ಚುರುಕು. ಯುಪಿಐ ಪಾವತಿ ಪೂರ್ಣವಾಗದವರನ್ನು ಪಕ್ಕಕ್ಕೆ ನಿಲ್ಲಿಸಿ ಮುಂದಿನವರಿಗೆ ಟಿಕೆಟ್ ಕೊಡುತ್ತಾರೆ. ಸಾಲು ಸರಾಗವಾಗಿ ಸಾಗುತ್ತದೆ. ನೋಡ್‌ನ ಶಕ್ತಿಯೂ ಇದೇ. ಡೇಟಾಬೇಸ್ ಉತ್ತರಿಸುವವರೆಗೆ ಅದು ಸುಮ್ಮನೆ ಕೂರುವುದಿಲ್ಲ, ಬೇರೆಯವರ ಕೋರಿಕೆ ಎತ್ತಿಕೊಳ್ಳುತ್ತದೆ.

ಆದರೆ ಯಾರೋ ಒಬ್ಬರು ಚೀಲದ ತುಂಬ ಚಿಲ್ಲರೆ ತಂದು ಎಣಿಸಿಕೊಳ್ಳಿ ಎಂದರೆ? ಹಿಂದಿರುವವರೆಲ್ಲ ಕಾಯಲೇಬೇಕು. ಜಾವಾಸ್ಕ್ರಿಪ್ಟ್ ಕೋಡ್ ಓಡುವುದು ಒಂದೇ ಮುಖ್ಯ ಥ್ರೆಡ್‌ನಲ್ಲಿ. ಲಕ್ಷಾಂತರ ಅಂಕಪಟ್ಟಿಗಳ ವಿಂಗಡಣೆಯಂಥ ಭಾರೀ ಲೆಕ್ಕವನ್ನು ಅಲ್ಲೇ ಹಚ್ಚಿದರೆ, ಬರೀ ಲಾಗಿನ್ ಆಗಲು ಬಂದವರಿಗೂ ಪುಟ ತೆರೆಯುವುದಿಲ್ಲ. ಇದಕ್ಕಾಗಿ 2018ರಲ್ಲಿ ನೋಡ್‌ಗೆ 'ವರ್ಕರ್ ಥ್ರೆಡ್' ಸೇರಿತು. ಆದರೆ ಯಾವ ಕೆಲಸವನ್ನು ಅಲ್ಲಿಗೆ ಕಳಿಸಬೇಕೆಂದು ಡೆವಲಪರ್ ತಾವೇ ಬರೆದು ಹೇಳಬೇಕು.

ಸದ್ದಿಲ್ಲದೆ ಬದಲಾಗುವ ಅಂಕಿ

ಇದಕ್ಕಿಂತ ಅಪಾಯಕಾರಿ ಸಂಗತಿ ಸಂಖ್ಯೆಗಳದ್ದು. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆ 9007199254740991ರವರೆಗೆ ಮಾತ್ರ ನಂಬಿಕೆಗೆ ಅರ್ಹ. 9007199254740993 ಎಂದು ಕೊಟ್ಟರೆ ಕೊನೆಯ 3 ತಾನಾಗಿ 2 ಆಗುತ್ತದೆ. ದೋಷದ ಸಂದೇಶವೂ ಬರುವುದಿಲ್ಲ! ಇದೇ ಕಾರಣಕ್ಕೆ ಟ್ವಿಟರ್ 2010ರಲ್ಲಿ ಟ್ವೀಟ್‌ಗಳ ಗುರುತು ಸಂಖ್ಯೆಯನ್ನು ಪಠ್ಯ ರೂಪದಲ್ಲೂ ಕೊಡಲು ಆರಂಭಿಸಿತು.

ನಮ್ಮಲ್ಲಿ ಬ್ಯಾಂಕ್ ಖಾತೆ ಸಂಖ್ಯೆ 18 ಅಂಕಿಗಳವರೆಗೂ ಇರಬಹುದು. ಅದನ್ನು ಪಠ್ಯವಾಗಿ ಇಡದೆ ಸಂಖ್ಯೆಯಾಗಿ ಓದಿಕೊಂಡರೆ ಏನಾದೀತು? ಬ್ರೌಸರ್‌ನಲ್ಲಾದರೆ ಪರದೆಯ ಮೇಲೆ ತಪ್ಪು ಕಾಣುತ್ತದೆ, ಅಷ್ಟೇ. ಸರ್ವರ್‌ನಲ್ಲಿ ಅದೇ ತಪ್ಪು ದಾಖಲೆಯಾಗಿ ಉಳಿಯುತ್ತದೆ. 2020ರಲ್ಲಿ ಬಂದ 'ಬಿಗ್‌ಇಂಟ್' ದೊಡ್ಡ ಸಂಖ್ಯೆಗಳನ್ನು ನಿಭಾಯಿಸುತ್ತದಾದರೂ ಮಾಹಿತಿ ವಿನಿಮಯದ ಜೇಸನ್ ಮಾದರಿ ಅದನ್ನು ನೇರವಾಗಿ ಒಪ್ಪುವುದಿಲ್ಲ.

ಹಣದ ಲೆಕ್ಕವೂ ಹೀಗೇ. 0.1ಕ್ಕೆ 0.2 ಕೂಡಿಸಿದರೆ ಬರುವುದು 0.30000000000000004. ಈ ದೋಷ ಬೇರೆ ಭಾಷೆಗಳಲ್ಲೂ ಉಂಟು. ಆದರೆ ಜಾವಾ, ಪೈಥಾನ್‌ಗಳಲ್ಲಿ ನಿಖರ ದಶಮಾಂಶಕ್ಕೆ ಪ್ರತ್ಯೇಕ ವ್ಯವಸ್ಥೆ ಭಾಷೆಯ ಜೊತೆಗೇ ಬರುತ್ತದೆ. ಇಲ್ಲಿ ರೂಪಾಯಿಯನ್ನು ಪೈಸೆಗೆ ಬದಲಿಸಿ ಪೂರ್ಣಾಂಕದಲ್ಲಿ ಲೆಕ್ಕ ಮಾಡಬೇಕು, ಇಲ್ಲವೇ ಹೊರಗಿನವರು ಬರೆದ ಪ್ಯಾಕೇಜ್ ತರಬೇಕು.

ಆ ಪ್ಯಾಕೇಜ್‌ಗಳದ್ದೂ ಒಂದು ತಲೆನೋವು. 2018ರಲ್ಲಿ 'ಇವೆಂಟ್-ಸ್ಟ್ರೀಮ್' ಎಂಬ ಜನಪ್ರಿಯ ಪ್ಯಾಕೇಜ್ ಮೂಲಕ ನುಸುಳಿದ ಕಳ್ಳ ಕೋಡ್ 'ಕೋಪೇ' ಬಿಟ್‌ಕಾಯಿನ್ ವಾಲೆಟ್‌ಗೆ ಕನ್ನ ಹಾಕಲು ಹೊಂಚಿತ್ತು. ಬ್ರೌಸರ್ ಒಳಗಿನ ಕೋಡ್‌ಗೆ ಕಂಪ್ಯೂಟರ್‌ನ ಫೈಲ್‌ಗಳನ್ನು ಮನಸೋಇಚ್ಛೆ ಓದಲು ಬಿಡುವುದಿಲ್ಲ. ನೋಡ್‌ನಲ್ಲಿ ಆ ತಡೆಗೋಡೆ ಮೊದಲಿನಿಂದ ಇರಲಿಲ್ಲ.

ಕುತೂಹಲದ ವಿಷಯವೆಂದರೆ, ನೋಡ್ ಬಗ್ಗೆ ತಮಗಿರುವ ಹತ್ತು ವಿಷಾದಗಳನ್ನು ಡಾಲ್ ಅವರೇ 2018ರಲ್ಲಿ ಬರ್ಲಿನ್‌ನ ಸಮ್ಮೇಳನವೊಂದರಲ್ಲಿ ಹೇಳಿಕೊಂಡರು. ಭದ್ರತೆ ಮತ್ತು ಪ್ಯಾಕೇಜ್ ವ್ಯವಸ್ಥೆ ಆ ಪಟ್ಟಿಯಲ್ಲಿದ್ದವು. ಅದೇ ವೇದಿಕೆಯಲ್ಲಿ ಅವರು ಪರಿಚಯಿಸಿದ 'ಡೆನೊ', ಅನುಮತಿ ಕೊಡದೆ ಕೋಡ್‌ಗೆ ಫೈಲ್ ಮುಟ್ಟಲು ಬಿಡುವುದಿಲ್ಲ.