ಅಟ್ಟಣೆಯ ಕೋವಿ, ಗುರಿಯ ರಿವಾಲ್ವರ್

ಆಷಾಢದ ಗಾಳಿ ಏಳುವ ಹೊತ್ತಿಗೆ ಗುಂಡ್ಲುಪೇಟೆಯಿಂದ ಹಂಗಳದವರೆಗೆ ರಸ್ತೆಯ ಎರಡೂ ಬದಿ ಹಳದಿ ಹರಡಿಕೊಳ್ಳುತ್ತದೆ. ಒಂದು ಕಡೆ ಚೆಂಡುಹೂವು, ಇನ್ನೊಂದು ಕಡೆ ಸೂರ್ಯಕಾಂತಿ. ಊಟಿಗೆ ಹೊರಟ ಕಾರುಗಳು ಹಗಲೆಲ್ಲ ಅಲ್ಲಿ ನಿಲ್ಲುತ್ತವೆ. ರಾತ್ರಿ ಒಂಬತ್ತಕ್ಕೆ ಬಂಡೀಪುರದ ಹಾದಿ ಮುಚ್ಚಿದ ಮೇಲೆ ಹೊಲಗಳ ಚಿತ್ರವೇ ಬೇರೆ. ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನಿಂದ ತಣ್ಣನೆಯ ಗಾಳಿ ಇಳಿಯುತ್ತದೆ. ಮರದ ಕವಲಿನ ಅಟ್ಟಣೆಗಳ ಮೇಲೆ ಬ್ಯಾಟರಿಯ ಬೆಳಕು ಆಡುತ್ತದೆ. ಎಲ್ಲೋ ತಮಟೆ, ಎಲ್ಲೋ ಪಟಾಕಿ. 'ಹಂದಿ ಬಂದದ!' ಎಂಬ ಕೂಗು ಒಂದು ಅಟ್ಟಣೆಯಿಂದ ಇನ್ನೊಂದಕ್ಕೆ ದಾಟುತ್ತದೆ.

ಈ ಸೀಮೆಗೆ ಕೋವಿಯ ಪರಿಚಯವಾದದ್ದು ಹೀಗೆ, ಬೆಳೆ ಕಾಯುವ ಹತಾರವಾಗಿ. ನಳಿಗೆಯ ಬಾಯಿಂದ ಮದ್ದು ಸುರಿದು, ಗಜದಿಂದ ಜಡಿದು, ಕೇಪು ಕೂರಿಸಿ ಹೊಡೆಯುವ ಕೇಪಿನ ಕೋವಿ ಅದು. ಕಾನೂನಿಗೂ ಇದು ಗೊತ್ತು. 1959ರ ಆಯುಧ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆಯ ಮಾತೆತ್ತುವಾಗ ಹೆಸರಿಸುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನೇ. ರಿವಾಲ್ವರಿನ ಹೆಸರು ಅಲ್ಲಿಲ್ಲ. ಹೊಲಕ್ಕೂ ರಿವಾಲ್ವರಿಗೂ ಸಂಬಂಧ ಕಲ್ಪಿಸುವವರು ಮೊದಲು ಇದನ್ನು ನೆನಪಿಡಬೇಕು.

ಚುನಾವಣೆ ಘೋಷಣೆಯಾದ ವಾರ ಈ ಕೋವಿಗಳೆಲ್ಲ ಬೆಳಕಿಗೆ ಬರುತ್ತವೆ. ಗುಂಡ್ಲುಪೇಟೆ, ಬೇಗೂರು, ತೆರಕಣಾಂಬಿ ಠಾಣೆಗಳ ಮುಂದೆ ಹಳೆಯ ಪಂಚೆಯಲ್ಲಿ, ಗೋಣಿತಾಟಿನಲ್ಲಿ ಸುತ್ತಿದ ಉದ್ದನೆಯ ಗಂಟು ಹಿಡಿದ ರೈತರು ಬಂದು ನಿಲ್ಲುತ್ತಾರೆ. ಒಂಟಿ ನಳಿಗೆ, ಜೋಡಿ ನಳಿಗೆ, ತಾತನ ಕಾಲದ ಹಿಡಿಗೆ ತಾಮ್ರದ ತಂತಿ ಬಿಗಿದದ್ದು, ತೆಂಗಿನೆಣ್ಣೆ ಸವರಿದ್ದು. ರಿಜಿಸ್ಟರಿನಲ್ಲಿ ನಂಬರು ಬರೆಸಿ ರಸೀದಿ ಮಡಿಚಿ ಜೇಬಿಗಿಟ್ಟುಕೊಂಡು ಹೊರಡುತ್ತಾರೆ. ಆ ಸಾಲಿನಲ್ಲಿ ಕೈಬಂದೂಕು ಅಪರೂಪ. ಗುರಿಯಾಟಕ್ಕೆಂದೇ ಕೊಂಡ .22 ರಿವಾಲ್ವರ್ ಇನ್ನೂ ಅಪರೂಪ.

ಆದರೂ ಆಸೆ ಹುಟ್ಟಿದೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದು, 25 ಮೀಟರ್ ಪಿಸ್ತೂಲಿನಲ್ಲಿ ನಾಲ್ಕನೆಯವರಾಗಿ ನಿಂತದ್ದನ್ನು ನಮ್ಮ ಹುಡುಗರೂ ನೋಡಿದ್ದಾರೆ. ಆ 25 ಮೀಟರ್ ಸ್ಪರ್ಧೆಯ ತೋಟಾ .22. ನಮ್ಮ ನಾಡಿನ ಪ್ರಕಾಶ್ ನಂಜಪ್ಪ 2016ರಲ್ಲಿ ರಿಯೊದ 50 ಮೀಟರ್ ಸ್ಪರ್ಧೆಗೆ ನಿಂತಾಗ ಅವರ ಕೈಯಲ್ಲಿದ್ದ ಪಿಸ್ತೂಲಿನದೂ ಅದೇ ತೋಟಾ. ಕಿರುಬೆರಳಿಗಿಂತ ಸಣ್ಣದು, ಗುಂಡಿನ ತೂಕ ಸುಮಾರು 2.6 ಗ್ರಾಂ.

ಇದನ್ನು ರಿಮ್‌ಫೈರ್ ಎನ್ನಲು ಕಾರಣ ಅದರ ಬುಡದಲ್ಲಿದೆ. ದೊಡ್ಡ ತೋಟಾಗಳ ಬುಡದ ನಡುವೆ ಕೇಪು ಕೂತಿರುತ್ತದೆ. ಇದರಲ್ಲಿ ಸಿಡಿಮದ್ದು ಅಂಚಿನ ಮಡಿಕೆಯೊಳಗೆ ಸುತ್ತಲೂ ಹರಡಿರುತ್ತದೆ. ಕುದುರೆ, ಅಂದರೆ ಹ್ಯಾಮರ್, ಬಿದ್ದು ಸೂಜಿ ಆ ಅಂಚನ್ನು ಜಜ್ಜಿದರೆ ಕಿಡಿ. ಒಮ್ಮೆ ಜಜ್ಜಿದ ಖೋಲಿಗೆ ಮತ್ತೆ ಮದ್ದು ತುಂಬುವಂತಿಲ್ಲ. 1857ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ ತನ್ನ ಮೊದಲ ರಿವಾಲ್ವರನ್ನು ತಂದದ್ದು ಇಂಥದೇ ಗಿಡ್ಡ ತೋಟಾದೊಡನೆ. ಇಂದು ಎಲ್ಲೆಡೆ ನಡೆಯುವ .22 ಲಾಂಗ್ ರೈಫಲ್ ತೋಟಾ ಬಂದದ್ದು 1887ರಲ್ಲಿ. ಒದೆತ ಕಡಿಮೆ, ಸದ್ದು ಕಡಿಮೆ, ಬೆಲೆ ಕಡಿಮೆ. ಗುರಿ ಕಲಿಯುವ ಕೈಗೆ ಇದಕ್ಕಿಂತ ಒಳ್ಳೆಯ ತೋಟಾ ಇಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಕೈ ಅದುರಿದ್ದು, ಉಸಿರು ತಪ್ಪಿದ್ದು, ಟ್ರಿಗರನ್ನು ಕಿತ್ತದ್ದು ಎಲ್ಲವೂ ಗುರಿಹಾಳೆಯ ಮೇಲೆ ಮುಚ್ಚುಮರೆಯಿಲ್ಲದೆ ಕಾಣುತ್ತವೆ.

ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಗುಂಡ್ಲುಪೇಟೆಯಿಂದ ತೆರಕಣಾಂಬಿಯ ಮೇಲೆ ಚಾಮರಾಜನಗರಕ್ಕೆ ಹೋಗಬೇಕು. ಬಾಳೆ, ಅರಿಶಿನ, ಈರುಳ್ಳಿಯ ಹೊಲಗಳ ನಡುವೆ ಸುಮಾರು 35 ಕಿಲೋಮೀಟರ್ ದಾರಿ. 1997ರಲ್ಲಿ ಮೈಸೂರಿನಿಂದ ಬೇರೆಯಾದ ಜಿಲ್ಲೆ ಇದು. ಲೈಸೆನ್ಸ್ ಕೊಡುವ ಅಧಿಕಾರ ಜಿಲ್ಲಾ ದಂಡಾಧಿಕಾರಿಯೂ ಆದ ಜಿಲ್ಲಾಧಿಕಾರಿಯದು. ಅರ್ಜಿದಾರನಿಗೆ 21 ತುಂಬಿರಬೇಕು. ಪೊಲೀಸ್ ವರದಿ, ವೈದ್ಯರ ಪ್ರಮಾಣಪತ್ರ, ಆಯುಧ ಹಿಡಿಯುವ ತರಬೇತಿಯ ಪತ್ರ ಬೇಕು. ಲೈಸೆನ್ಸಿನಲ್ಲಿ ಯಾವ ಬಗೆಯ ಆಯುಧ, ಯಾವ ಬೋರು, ಎಷ್ಟು ತೋಟಾ, ಯಾವ ಸೀಮೆಯವರೆಗೆ ಒಯ್ಯಬಹುದು ಎಲ್ಲವೂ ಬರೆದಿರುತ್ತದೆ. 2019ರ ತಿದ್ದುಪಡಿಯಾದ ಮೇಲೆ ಒಬ್ಬರಿಗೆ ಎರಡೇ ಬಂದೂಕು.

ಬೇರೆ ಜಿಲ್ಲೆಯವರಿಗೆ ಅಷ್ಟಾಗಿ ತಟ್ಟದ ಇನ್ನೊಂದು ಗೆರೆ ಇಲ್ಲಿದೆ. 1972ರ ವನ್ಯಜೀವಿ ಕಾಯ್ದೆಯ 34ನೇ ಕಲಮಿನ ಪ್ರಕಾರ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಹೊಸ ಆಯುಧ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ರಾಷ್ಟ್ರೀಯ ಉದ್ಯಾನಕ್ಕೂ ಈ ಮಾತು ಅನ್ವಯಿಸುತ್ತದೆ. ನಕ್ಷೆ ಹರಡಿ ನೋಡಿ: ಪಡುವಣಕ್ಕೂ ತೆಂಕಣಕ್ಕೂ ಬಂಡೀಪುರ, ಮೂಡಣಕ್ಕೆ ಬಿಳಿಗಿರಿರಂಗನ ಬೆಟ್ಟ, ಆಚೆಗೆ ಮಲೆ ಮಹದೇಶ್ವರ ಬೆಟ್ಟ. ಹಂಗಳ, ಮೇಲುಕಾಮನಹಳ್ಳಿ, ಕಣಿಯನಪುರ, ಕುಂದಕೆರೆಯಂಥ ಊರುಗಳು ಕಾಡಿನ ಮಗ್ಗುಲಲ್ಲೇ ಇವೆ.

ಈ ಬಿಗಿ ಬೇಕೇ ಎಂದು ಕೇಳುವವರಿದ್ದಾರೆ. ಬೇಕು. 1992ರ ಮೇ ತಿಂಗಳಲ್ಲಿ ಇದೇ ಜಿಲ್ಲೆಯ ರಾಮಾಪುರ ಠಾಣೆಗೆ ವೀರಪ್ಪನ್ ಗುಂಪು ನುಗ್ಗಿ ಪೊಲೀಸರನ್ನು ಕೊಂದು ಆಯುಧ ಹೊತ್ತೊಯ್ದ ರಾತ್ರಿಯನ್ನು ಕಂಡ ಜನ ಇನ್ನೂ ಇಲ್ಲಿದ್ದಾರೆ. ಕೈತಪ್ಪಿದ ಬಂದೂಕು ಏನು ಮಾಡುತ್ತದೆಂದು ಈ ನೆಲಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಾಗದ ಕೈಗೆ ಬಂತು ಎನ್ನೋಣ. ಮೈಸೂರಿನದೋ ಬೆಂಗಳೂರಿನದೋ ಲೈಸೆನ್ಸುಳ್ಳ ಅಂಗಡಿಯ ಗಾಜಿನ ಮೇಜಿನ ಮುಂದೆ ಕೂತಾಗ ಕಣ್ಣಿಗೆ ಬೀಳುವುದೇನು? ನಮ್ಮ ದೇಶದ ಆಯುಧ ಕಾರ್ಖಾನೆಗಳ ಮಾಲು. ಕಾನ್ಪುರದ .32 ರಿವಾಲ್ವರ್‌ಗಳು, 2014ರಲ್ಲಿ ಹೆಂಗಸರ ರಕ್ಷಣೆಗೆಂದು ಬಂದ, 500 ಗ್ರಾಂ ತೂಗುವ 'ನಿರ್ಭೀಕ್', ಇಷಾಪುರ ರೈಫಲ್ ಕಾರ್ಖಾನೆಯ .22 ರಿವಾಲ್ವರ್ 'ನಿಡರ್'. ರಿಮ್‌ಫೈರ್ ರಿವಾಲ್ವರ್ ಬೇಕೆಂದು ಹೋದವನ ಕೈ ತಾನಾಗಿ ನಿಡರ್ ಕಡೆಗೆ ಚಾಚುತ್ತದೆ. ತೂಕ ಕೇವಲ 250 ಗ್ರಾಂ, ಅಂಗೈಯಲ್ಲಿ ಅಡಗುತ್ತದೆ. ಗುರಿಯಾಟಕ್ಕೆ ಇದನ್ನು ಕೊಳ್ಳಬೇಡಿ. ಇದು ಜೇಬಿನಲ್ಲಿಟ್ಟುಕೊಳ್ಳಲು ಹುಟ್ಟಿದ ಆಯುಧ. ನಳಿಗೆ ಗಿಡ್ಡ, ಹಿಂದಿನ ಮುಂದಿನ ಗುರಿಕಂಡಿಗಳ ನಡುವಿನ ದೂರ ಕಡಿಮೆಯಾದಷ್ಟೂ ಕಣ್ಣಿನ ಕೂದಲೆಳೆಯ ತಪ್ಪು ಹಾಳೆಯ ಮೇಲೆ ಗೇಣಾಗುತ್ತದೆ. ಹಗುರ ಮೈ ಕೈಯ ಪ್ರತಿ ನಡುಕಕ್ಕೂ ಕುಣಿಯುತ್ತದೆ.

ಗುರಿಯ ರಿವಾಲ್ವರ್ ಎಂದರೆ ಬೇರೆಯೇ ಮೈಕಟ್ಟು. ಅಮೆರಿಕದಲ್ಲಿ 1930ರ ದಶಕದಿಂದ ಬಂದ ಸ್ಮಿತ್ ಅಂಡ್ ವೆಸನ್ ಕೆ-22 ಈ ಜಾತಿಯ ಮಾದರಿ. ಆರು ಇಂಚಿನ ನಳಿಗೆ, ಒಂದು ಕಿಲೋಗಿಂತ ತುಸು ಹೆಚ್ಚು ತೂಕ, ತಿರುಪಿನಿಂದ ಎಡಬಲ ಮೇಲೆಕೆಳಗೆ ಸರಿಸಬಹುದಾದ ಹಿಂಗಂಡಿ. ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟದ 25 ಮೀಟರ್ ನಿಯಮ ಹೇಳುವ ಮಿತಿ ನೋಡಿ: ನಳಿಗೆ 153 ಮಿಲಿಮೀಟರ್ ಮೀರಬಾರದು, ತೂಕ 1400 ಗ್ರಾಂ ಮೀರಬಾರದು, ಟ್ರಿಗರ್ ಕನಿಷ್ಠ 1000 ಗ್ರಾಂ ಭಾರ ಎತ್ತಬೇಕು. ಆರು ಇಂಚೆಂದರೆ 152 ಮಿಲಿಮೀಟರ್ ಚಿಲ್ಲರೆ. ಹಳೆಯ ಗುರಿ ರಿವಾಲ್ವರ್ ಇಂದಿನ ನಿಯಮದೊಳಗೂ ನೆಟ್ಟಗೆ ಕೂರುತ್ತದೆ.

ಕಷ್ಟವೆಂದರೆ ಇಂಥದ್ದು ಸಿಗುವುದು. ಸಾಮಾನ್ಯ ಲೈಸೆನ್ಸುದಾರ ವಿದೇಶದಿಂದ ಕೈಬಂದೂಕು ತರಿಸುವ ಬಾಗಿಲು 1980ರ ದಶಕದಲ್ಲೇ ಮುಚ್ಚಿತು. ರಾಷ್ಟ್ರೀಯ ರೈಫಲ್ ಸಂಸ್ಥೆಯ ಮಾನ್ಯತೆ ಪಡೆದ ಶೂಟರುಗಳಿಗೆ ಮಾತ್ರ ಆ ದಾರಿ ತೆರೆದಿದೆ. ಉಳಿದವರಿಗೆ ಇರುವುದು ಹಿಂದೆ ಬಂದಿಳಿದ ಹಳೆಯ ಮಾಲು, ಕೈಯಿಂದ ಕೈಗೆ ಕಾನೂನುಬದ್ಧವಾಗಿ ದಾಟುತ್ತ ಬಂದದ್ದು. ಆದ್ದರಿಂದ ಆರಿಸುವ ಕಸುಬು ಎಂದರೆ ಬಹುಪಾಲು ಹಳೆಯದನ್ನು ಓದುವ ಕಸುಬು.

ಓದುವುದು ಹೀಗೆ. ಮೊದಲು ತೋಟಾ ತುಂಬುವ ಗಾಲಿಯನ್ನು ಹೊರಗೆ ಬಾಗಿಸಿ, ತೋಟಾ ಕೂರುವ ಪ್ರತಿ ಮನೆಯೂ ಖಾಲಿ ಎಂದು ಮಾರುವವನೂ ಕೊಳ್ಳುವವನೂ ಇಬ್ಬರೂ ನೋಡಬೇಕು. ಆಮೇಲೆ ಬೆಳಕಿಗೆ ಹಿಡಿದು ಒಂದೊಂದು ಮನೆಯ ಬಾಯಂಚನ್ನು ಗಮನಿಸಿ. ರಿಮ್‌ಫೈರ್ ಆಯುಧದಲ್ಲಿ ತೋಟಾ ಇಲ್ಲದೆ ಕುದುರೆ ಬೀಳಿಸುತ್ತಾ ಹೋದರೆ ಸೂಜಿ ಉಕ್ಕಿನ ಅಂಚಿಗೇ ಬಡಿದು ಗುಳಿ ಮಾಡುತ್ತದೆ. ಅಲ್ಲಿ ತೋಟಾ ಸಲೀಸಾಗಿ ಇಳಿಯದು, ಖಾಲಿ ಖೋಲು ಹೊರಬರದು. ಹಳೆಯ ಯಜಮಾನ ಸಂತೆಯ ಎತ್ತಿನ ಹಲ್ಲು ಎಣಿಸುವಷ್ಟು ತಾಳ್ಮೆ ಇಲ್ಲಿ ಬೇಕು. ಮನೆಯ ಒಳಗೋಡೆಯಲ್ಲಿ ಉಂಗುರದಂಥ ಸವೆತ ಕಂಡರೆ ಗಿಡ್ಡ ತೋಟಾಗಳನ್ನು ಬಹುಕಾಲ ಹೊಡೆದಿದ್ದಾರೆಂದು ತಿಳಿಯಿರಿ.

ಗಾಲಿ ಮುಚ್ಚಿ, ಕುದುರೆಯನ್ನು ಹೆಬ್ಬೆರಳಿನಿಂದ ತೀರ ನಿಧಾನವಾಗಿ ಎಳೆಯಿರಿ. ಕುದುರೆ ಪೂರ್ತಿ ಹಿಂದೆ ಬರುವ ಮೊದಲೇ ಗಾಲಿ 'ಟಕ್' ಎಂದು ಕಚ್ಚಿಕೊಳ್ಳಬೇಕು. ಒಂದು ಮನೆ ಸರಿಯಿದ್ದರೆ ಸಾಲದು, ಅಷ್ಟೂ ಮನೆಗಳಿಗೂ ಹೀಗೇ ಆಗಬೇಕು. ಕಚ್ಚಿಕೊಂಡ ಗಾಲಿಯನ್ನು ಬೆರಳಿನಿಂದ ಎಡಬಲ, ಹಿಂದೆಮುಂದೆ ಅಲುಗಿಸಿ. ಹೆಚ್ಚು ಅಲುಗಿದರೆ ಗುಂಡು ನಳಿಗೆಯ ಬಾಯಿಗೆ ನೆಟ್ಟಗೆ ಇಳಿಯದೆ ಅಂಚಿಗೆ ತಾಗಿ ಸೀಸ ಸೀಳುತ್ತದೆ. ಆ ಸೀಸದ ಚೂರು ಪಕ್ಕದಲ್ಲಿ ನಿಂತವನ ಕೆನ್ನೆಗೆ ಬಡಿಯುತ್ತದೆ. ಗಾಲಿಗೂ ನಳಿಗೆಗೂ ನಡುವಿನ ಸಂದು ಕೂದಲಷ್ಟು ತೆಳ್ಳಗೆ, ಎಲ್ಲ ಮನೆಗಳಿಗೂ ಒಂದೇ ಸಮ ಇರಬೇಕು.

ಹಿಡಿ ಕೈಗೆ ಒಗ್ಗುವುದು ಇವೆಲ್ಲಕ್ಕಿಂತ ದೊಡ್ಡದು. ಕಣ್ಣು ಮುಚ್ಚಿ ಖಾಲಿ ಆಯುಧವನ್ನು ಗೋಡೆಯ ಕಡೆ ಎತ್ತಿ, ಕಣ್ಣು ತೆರೆಯಿರಿ. ಮುಂಗಂಡಿ ಹಿಂಗಂಡಿಯ ನಡುವೆ ತಾನಾಗಿ ಕೂತಿದ್ದರೆ ಅದು ನಿಮ್ಮದು. ಮಣಿಕಟ್ಟು ತಿರುಚಿ ಕೂರಿಸಬೇಕಾದರೆ ಹೆಸರು ಎಷ್ಟೇ ದೊಡ್ಡದಿರಲಿ, ಅಲ್ಲೇ ಇಟ್ಟು ಬನ್ನಿ.

ಕೊನೆಯ ಪರೀಕ್ಷೆ ಶೂಟಿಂಗ್ ರೇಂಜಿನಲ್ಲಿ. ಪ್ರತಿ ಮನೆಗೂ ಗುರುತು ಹಾಕಿ, ಒಂದೊಂದು ಮನೆಯಿಂದ ಐದೈದು ಗುಂಡನ್ನು ಬೇರೆಬೇರೆ ಹಾಳೆಗೆ ಹೊಡೆಯಬೇಕು. 25 ಮೀಟರಿನ ಹಾಳೆಯಲ್ಲಿ ಹತ್ತರ ವೃತ್ತ 50 ಮಿಲಿಮೀಟರ್ ಅಗಲ. ಐದು ಮನೆ ಆ ವೃತ್ತದೊಳಗೆ ಗುಂಪು ಕಟ್ಟಿ, ಆರನೆಯದು ಸದಾ ಬಲಕ್ಕೆ ಎಸೆದರೆ ತಪ್ಪು ಕೈಯದಲ್ಲ, ಲೋಹದ್ದು.

ಈ ಹೊಡೆತ ನಡೆಯಬೇಕಾದ ಜಾಗ ರೇಂಜು ಮಾತ್ರ. ಹೊಲದ ಬದು, ಕೆರೆಯ ಏರಿ, ಕಲ್ಲುಗಣಿಯ ಗುಂಡಿ ಯಾವುದೂ ಅಲ್ಲ. ಸಣ್ಣದೆಂದು ಕಾಣುವ .22 ಗುಂಡು ಒಂದೂವರೆ ಕಿಲೋಮೀಟರಿಗೂ ಆಚೆ ಹಾರಬಲ್ಲದು. ಹಂಗಳದ ಹೊಲದಲ್ಲಿ ಹೊಡೆದದ್ದು ಪಕ್ಕದ ಊರಿನ ದನಗಾಹಿಯ ಬೆನ್ನಿಗೆ ತಗುಲಬಹುದು. ಆನೆಯ ಮೇಲೋ ಹಂದಿಯ ಮೇಲೋ ಇದನ್ನು ಹಾರಿಸುವುದಂತೂ ಅಪರಾಧ, ಅದಕ್ಕಿಂತ ಮಿಗಿಲಾಗಿ ಕ್ರೌರ್ಯ. ಪ್ರಾಣಿ ಸಾಯುವುದಿಲ್ಲ; ಗಾಯ ಕೀವಾಗಿ ನೋವಿನಿಂದ ಕೆರಳಿ, ಮರುದಿನ ಸೌದೆಗೆ ಹೋದ ಹೆಂಗಸಿನ ಎದುರು ನಿಲ್ಲುತ್ತದೆ.

ಪದಕದ ಕನಸಿದ್ದವರಿಗೆ ಇನ್ನೊಂದು ಮಾತು. ಸ್ಟ್ಯಾಂಡರ್ಡ್ ಪಿಸ್ತೂಲ್ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ಐದು ಗುಂಡಿಗೆ ಹತ್ತೇ ಸೆಕೆಂಡು. ರಿವಾಲ್ವರಿನ ಕುದುರೆಯನ್ನು ಪ್ರತಿ ಸಲ ಹೆಬ್ಬೆರಳಿನಿಂದ ಎಳೆಯುವುದರೊಳಗೆ ಸಮಯ ಜಾರುತ್ತದೆ. ಆದ್ದರಿಂದಲೇ ಸ್ಪರ್ಧಿಗಳು ಅರೆಸ್ವಯಂಚಾಲಿತ .22 ಪಿಸ್ತೂಲು ಹಿಡಿಯುತ್ತಾರೆ. ಒಂದು ಪಂದ್ಯಕ್ಕೆ 60 ಗುಂಡು. ಲೈಸೆನ್ಸಿನ ತೋಟಾ ಮಿತಿ ಕೆಲವೇ ವಾರದಲ್ಲಿ ಮುಗಿಯುತ್ತದೆ. ರೈಫಲ್ ಸಂಸ್ಥೆಯ ಸದಸ್ಯತ್ವ ಇಲ್ಲದೆ ಈ ಆಟ ಸಾಗದು.

ಗುಂಡ್ಲುಪೇಟೆಯ, ಚಾಮರಾಜನಗರದ ಗುರಿಗಾರರಿಗೆ ನನ್ನ ಸಲಹೆ ಇಷ್ಟು. ಮೊದಲು .177 ಏರ್ ಪಿಸ್ತೂಲ್ ಕೊಳ್ಳಿ. 20 ಜೂಲ್ ಮೀರದ, ಆ ಬೋರಿನ ಗಾಳಿ ಆಯುಧಕ್ಕೆ ಲೈಸೆನ್ಸ್ ಬೇಡ, ಹತ್ತು ಮೀಟರ್ ಉದ್ದದ ಗಟ್ಟಿಗೋಡೆಯ ಕೊಟ್ಟಿಗೆ ಸಾಕು. ಅಲ್ಲಿನ ಹಾಳೆಯಲ್ಲಿ ಹತ್ತರ ಚುಕ್ಕೆ 11.5 ಮಿಲಿಮೀಟರ್. ಅದಕ್ಕೆ ಕೈ ಪಳಗಿದ ಮೇಲೆ ಬೆಂಗಳೂರಿನ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯ ಬಾಗಿಲು ತಟ್ಟಿ. ಆಮೇಲೂ ರಿವಾಲ್ವರೇ ಬೇಕೆನಿಸಿದರೆ ಆರು ಇಂಚಿನ ನಳಿಗೆಯ, ಸರಿಸಬಲ್ಲ ಹಿಂಗಂಡಿಯ, ಮನೆಯಂಚಿನಲ್ಲಿ ಗುಳಿಯಿಲ್ಲದ ಹಳೆಯ .22 ಸಿಗುವವರೆಗೆ ಕಾಯಿರಿ. ಅದು ಸಿಗದಿದ್ದರೆ ಗಿಡ್ಡ ನಳಿಗೆಯದಕ್ಕೆ ದುಡ್ಡು ಹಾಕಬೇಡಿ.