ಆರ್ಮೇನಿಯಾದ ಕೈಕೆಲಸ, ಬೆಟ್ಟದ ಮದ್ದು: ನಂಬಿದ್ದೇನು, ನಿಜವೇನು

ಎರೆವಾನ್ ನಗರದ ನಡುವೆ, ರಿಪಬ್ಲಿಕ್ ಚೌಕಕ್ಕೆ ಹತ್ತಿರದಲ್ಲೇ, ವೆರ್ನಿಸಾಜ್ ಎಂಬ ಬಯಲು ಸಂತೆ ಇದೆ. ಶನಿವಾರ, ಭಾನುವಾರ ಅದರ ಸಾಲುಗಳಲ್ಲಿ ರತ್ನಗಂಬಳಿ, ಕಸೂತಿ ಬಟ್ಟೆ, ಬೆಳ್ಳಿಯ ಒಡವೆ, ಕಲ್ಲಿನಲ್ಲಿ ಕೆತ್ತಿದ ಶಿಲುಬೆ, ದಾಳಿಂಬೆಯ ಆಕಾರದ ಮಣ್ಣಿನ ಹೂಜಿಗಳು ತುಂಬಿರುತ್ತವೆ. ಊರಿನ ಅಂಗಡಿಗಳಲ್ಲಿ ಬೆಟ್ಟದ ಸೊಪ್ಪಿನ ಚಹಾ, ಜೇನು, ಮುಖಕ್ಕೆ ಹಚ್ಚುವ ಮುಲಾಮು ಸಿಗುತ್ತವೆ. ಎರೆವಾನಿನಲ್ಲಿ ವೈದ್ಯಕೀಯ ಓದುವ ಭಾರತದ ಮಕ್ಕಳು ಬಹಳ ಮಂದಿ. ರಜೆಗೆ ಊರಿಗೆ ಬರುವಾಗ ಅವರ ಚೀಲದಲ್ಲಿ ಇವುಗಳಲ್ಲೊಂದು ಬರುವುದು ಸಹಜ. ವಸ್ತುವಿನ ಜೊತೆಗೆ ಅದರ ಕತೆಯೂ ಬರುತ್ತದೆ. ಆ ಕತೆಗಳಲ್ಲಿ ಕೆಲವು ನಿಜ, ಕೆಲವು ಅರ್ಧ ನಿಜ, ಒಂದೆರಡು ಅಪಾಯಕಾರಿ.

"ಹೆಸರಿನಲ್ಲಿ ಆರ್ಮೇನಿಯಾ ಇದ್ದರೆ ಅದು ಅಲ್ಲಿಯದೇ"

ಪಾಪಿಯೆ ದಾರ್ಮೇನಿ ಎಂಬ ಸುವಾಸನೆಯ ಕಾಗದವಿದೆ. ಪಟ್ಟಿಯೊಂದನ್ನು ಹರಿದು ಮಡಿಸಿ ಹೊತ್ತಿಸಿ, ಜ್ವಾಲೆ ಆರಿಸಿದರೆ ನಿಧಾನವಾಗಿ ಹೊಗೆಯಾಡುತ್ತದೆ. ಅನೇಕರು ಇದನ್ನು ಆರ್ಮೇನಿಯಾದ ಪುರಾತನ ಧೂಪ ಎಂದುಕೊಂಡಿದ್ದಾರೆ. ಇದು ತಯಾರಾಗುವುದು ಫ್ರಾನ್ಸಿನಲ್ಲಿ, ಪ್ಯಾರಿಸ್ ಪಕ್ಕದ ಮೋಂರೂಜ್‌ನಲ್ಲಿ, 1885ರಿಂದ. ಆಗುಸ್ತ್ ಪೋನ್ಸೋ ಎಂಬವರು ಆರ್ಮೇನಿಯಾ ಪ್ರವಾಸದಲ್ಲಿ ಜನ ಮನೆಯೊಳಗೆ ಒಂದು ಅಂಟನ್ನು ಹೊಗೆ ಹಾಕುವುದನ್ನು ಕಂಡು ಬಂದರು. ಔಷಧ ತಯಾರಕ ಆನ್ರಿ ರಿವಿಯೆ ಅವರೊಡನೆ ಸೇರಿ, ಅದನ್ನು ಕಾಗದಕ್ಕೆ ಹೀರಿಸುವ ದಾರಿ ಹುಡುಕಿದರು. ಆ ಅಂಟು ಬೆಳೆಯುವುದೂ ಆರ್ಮೇನಿಯಾದಲ್ಲಲ್ಲ. ಅದು ಲಾವೋಸ್, ಸುಮಾತ್ರಾ ಕಡೆಯ ಮರದ ಅಂಟು. ನಮ್ಮ ಮನೆಗಳಲ್ಲಿ ಮಗುವಿನ ತಲೆಗೂದಲು ಒಣಗಿಸಲು ಕೆಂಡದ ಮೇಲೆ ಉದುರಿಸುವ ಲೋಬಾನ, ಸಾಂಬ್ರಾಣಿ ಅದೇ ಬಳಗದ್ದು. ಪರಿಮಳ ಹಿತವಾದದ್ದು, ನನಗೂ ಇಷ್ಟ. ಆದರೆ ಅದು ಗಾಳಿಯನ್ನು ಶುದ್ಧ ಮಾಡುತ್ತದೆ ಎಂಬುದು ನಿಜವಲ್ಲ. ಮುಚ್ಚಿದ ಕೋಣೆಯಲ್ಲಿ ಏನನ್ನೇ ಸುಟ್ಟರೂ ಗಾಳಿಗೆ ಹೊಗೆಯ ಕಣಗಳು ಸೇರುತ್ತವೆ. ಆಸ್ತಮಾ ಇರುವವರ ಮನೆಯಲ್ಲಿ ಇದು ನೆನಪಿರಬೇಕು.

"ಆರ್ಮೇನಿಯಾದಲ್ಲಿ ಮಾಡದಿದ್ದರೆ ಅದು ಅಸಲಿ ಅಲ್ಲ"

ಇದು ಮೇಲಿನ ತಪ್ಪಿನ ಇನ್ನೊಂದು ಮಗ್ಗುಲು. ಜೆರುಸಲೇಮಿನ ಹಳೇ ಪೇಟೆಯಲ್ಲಿ ನೀಲಿ ಹೂಬಳ್ಳಿ, ನವಿಲು, ಜಿಂಕೆಗಳನ್ನು ಬರೆದ ಪಿಂಗಾಣಿ ತಟ್ಟೆ, ಹೆಂಚುಗಳನ್ನು ಆರ್ಮೇನಿಯನ್ ಎಂದೇ ಮಾರುತ್ತಾರೆ. ಪ್ರವಾಸಿಗರು ಇದನ್ನು ವ್ಯಾಪಾರದ ತಂತ್ರವೆಂದು ಅನುಮಾನಿಸುತ್ತಾರೆ. ಆದರೆ ಆ ಹೆಸರು ದುಬಾರಿ ಬೆಲೆ ತೆತ್ತು ಬಂದದ್ದು. ಈ ಕಸುಬಿನ ಬೇರು ಒಟ್ಟೊಮನ್ ಸಾಮ್ರಾಜ್ಯದ ಕುತಾಹ್ಯ ಪಟ್ಟಣದಲ್ಲಿತ್ತು. 1915ರಲ್ಲಿ ಶುರುವಾದ ನರಮೇಧ ಆರ್ಮೇನಿಯನ್ನರನ್ನು ಊರುಗಳಿಂದ ಕಿತ್ತೆಸೆಯಿತು. ಕುತಾಹ್ಯದ ಕುಶಲಿ ದಾವಿದ್ ಒಹಾನೆಸ್ಸಿಯನ್ ಗಡೀಪಾರಾಗಿ ಅಲೆಪ್ಪೊ ಸೇರಿದ್ದರು. ಜೆರುಸಲೇಮಿನ ಪವಿತ್ರ ಕಟ್ಟಡ ಬಂಡೆಗುಮ್ಮಟದ (ಡೋಮ್ ಆಫ್ ದ ರಾಕ್) ಹೆಂಚುಗಳನ್ನು ದುರಸ್ತಿ ಮಾಡಲೆಂದು ಅವರನ್ನು ಕರೆಸಲಾಯಿತು. ಅವರ ಹಿಂದೆ ಬಂದ ಬಾಲಿಯನ್ ಮತ್ತು ಕರಾಕಾಶಿಯನ್ ಮನೆತನದವರು 1922ರಲ್ಲಿ ತಮ್ಮದೇ ಕಾರ್ಖಾನೆ ತೆರೆದರು. ಈ ಪಾತ್ರೆಗಳು ಇಂದಿನ ಆರ್ಮೇನಿಯಾ ದೇಶದ ಗಡಿಯೊಳಗೆ ಹುಟ್ಟಿದವಲ್ಲ. ಆದರೂ ಅವು ಪೂರ್ತಿ ಆರ್ಮೇನಿಯನ್. ನೆಲ ಕಳೆದುಕೊಂಡವರ ಕಸುಬನ್ನು ಭೂಪಟ ನೋಡಿ ಅಳೆಯುವುದು ಅನ್ಯಾಯ.

ರತ್ನಗಂಬಳಿಗೂ ಇದೇ ಮಾತು. ಲೆಬನಾನಿನ ಘಜೀರ್ ಎಂಬಲ್ಲಿದ್ದ ಅನಾಥಾಲಯದಲ್ಲಿ, ನರಮೇಧದಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಆರ್ಮೇನಿಯನ್ ಹೆಣ್ಣುಮಕ್ಕಳು 40 ಲಕ್ಷಕ್ಕೂ ಹೆಚ್ಚು ಗಂಟು ಹಾಕಿ ಒಂದು ದೊಡ್ಡ ಗಂಬಳಿ ನೇಯ್ದರು. ತಮಗೆ ನೆರವಾದ ಅಮೆರಿಕದ ಜನರಿಗೆ ಕೃತಜ್ಞತೆಯಾಗಿ ಅದು 1925ರಲ್ಲಿ ಅಧ್ಯಕ್ಷ ಕೂಲಿಜ್ ಅವರ ಕೈ ಸೇರಿತು. ಅದರ ಒಂದೊಂದು ಗಂಟೂ ಒಂದು ಮಗುವಿನ ಬೆರಳಿನದು. ಕರಕುಶಲವೆಂದರೆ ಹಳ್ಳಿಯ ಅಜ್ಜಿಯರು ಬಿಡುವಿನಲ್ಲಿ ಮಾಡುವ ಕೆಲಸ ಎಂಬ ಹಗುರ ಮಾತು ಇದರ ಮುಂದೆ ನಿಲ್ಲುವುದಿಲ್ಲ.

"ಗಂಬಳಿಯ ಕೆಂಪು ಎಂದರೆ ಅರರಾತ್ ಬಯಲಿನ ಹುಳದ ಕೆಂಪು"

ಅಂಗಡಿಯವರು ಅಭಿಮಾನದಿಂದ ಹೇಳುವ ಕತೆ ಇದು. ವೊರ್ದನ್ ಕರ್ಮಿರ್ ಎಂಬ ಕೆಂಪು ಬಣ್ಣ ಇದ್ದದ್ದು ನಿಜ. ಅರರಾತ್ ಬಯಲಿನ ಸವಳು ನೆಲದಲ್ಲಿ, ಹುಲ್ಲಿನ ಬೇರು ಕಚ್ಚಿಕೊಂಡು ಬದುಕುವ ಒಂದು ಪುಟ್ಟ ಕೀಟದಿಂದ ಅದನ್ನು ತೆಗೆಯುತ್ತಿದ್ದರು. ಹೆಣ್ಣು ಹುಳಗಳು ಶರತ್ಕಾಲದ ಕೆಲವೇ ವಾರ, ಅದೂ ಮುಂಜಾನೆಯ ಹೊತ್ತು, ಮಣ್ಣಿನಿಂದ ಮೇಲೆ ಬರುತ್ತವೆ. ಮೈತುಂಬ ಕೊಬ್ಬು, ಬಣ್ಣ ಕಡಿಮೆ. ಹಾಗಾಗಿ ಸ್ವಲ್ಪ ಬಣ್ಣಕ್ಕೆ ರಾಶಿ ಹುಳ ಬೇಕು. ಅಷ್ಟು ದುಬಾರಿ ಬಣ್ಣ ಹಸ್ತಪ್ರತಿಯ ಚಿತ್ರಗಳಿಗೆ, ಸಿರಿವಂತರ ಬಟ್ಟೆಗೆ ಸಲ್ಲುತ್ತಿತ್ತು. ಹದಿನಾರನೇ ಶತಮಾನದಲ್ಲಿ ಮೆಕ್ಸಿಕೊದ ಹುಳ ಮಾರುಕಟ್ಟೆಗೆ ಬಂದು ಇದನ್ನು ಹಿಂದಕ್ಕೆ ತಳ್ಳಿತು. ಆಮೇಲೆ ರಾಸಾಯನಿಕ ಬಣ್ಣಗಳು ಬಂದವು. ನೀರಾವರಿ, ಉಳುಮೆಯಿಂದ ಸವಳು ನೆಲವೇ ಕುಗ್ಗಿತು. ಉಳಿದ ಹುಳಗಳನ್ನು ಕಾಯಲೆಂದು 1987ರಲ್ಲಿ ಅರ್ಮಾವಿರ್ ಪ್ರಾಂತ್ಯದಲ್ಲಿ ಒಂದು ರಕ್ಷಿತ ಪ್ರದೇಶವನ್ನೇ ಮಾಡಬೇಕಾಯಿತು. ಸಂತೆಯಲ್ಲಿ ರಾಶಿ ಹಾಕಿದ ಗಂಬಳಿಗಳಿಗೆಲ್ಲ ಈ ಬಣ್ಣ ಎಲ್ಲಿಂದ ಬರಬೇಕು?

ಹಳ್ಳಿಯ ಹಳೆಯ ಗಂಬಳಿಗಳ ಕೆಂಪು ಹೆಚ್ಚಾಗಿ ಗಿಡದ ಬೇರಿನದು. ನಾವು ಮಂಜಿಷ್ಠ ಎನ್ನುತ್ತೇವಲ್ಲ, ಅದರ ದಾಯಾದಿ. ಅದೇನೂ ಕೀಳಲ್ಲ. ನೂರು ವರ್ಷದ ಬಿಸಿಲಿಗೂ ಹಣ್ಣಾಗುತ್ತಾ ಹೋಗುವ, ಸತ್ಯವಂತ ಬಣ್ಣ. ಕೊಳ್ಳುವವರು ಹುಳದ ಕತೆಗೆ ಮನಸೋಲುವ ಬದಲು ಗಂಬಳಿಯನ್ನು ಮಗುಚಿ ಬೆನ್ನು ನೋಡಲಿ. ಕೈಯಲ್ಲಿ ಗಂಟು ಹಾಕಿದ್ದರೆ ಮುಂಭಾಗದ ಚಿತ್ತಾರ ಹಿಂದೆಯೂ ಒಂದೊಂದು ಗಂಟಾಗಿ ಕಾಣುತ್ತದೆ, ಸಾಲುಗಳಲ್ಲಿ ಸಣ್ಣ ಏರುಪೇರು ಇರುತ್ತದೆ. ಬೆನ್ನಿಗೆ ಬಟ್ಟೆ ಅಂಟಿಸಿ ಮುಚ್ಚಿದ್ದರೆ ಯಾಕೆಂದು ಕೇಳಬೇಕು.

"ಅಗ್ನಿಶಿಲೆಯ ಮಣಿ ಕೆಟ್ಟ ಶಕ್ತಿಯನ್ನು ಹೀರುತ್ತದೆ"

ಇಲ್ಲ. ಮಿರಮಿರ ಹೊಳೆಯುವ ಈ ಕಪ್ಪು, ಕಂದು ಕಲ್ಲು ಆಬ್ಸಿಡಿಯನ್, ಅಂದರೆ ಜ್ವಾಲಾಮುಖಿಯ ಲಾವಾ ಬೇಗನೆ ತಣಿದು ಆದ ಗಾಜು. ಆರ್ಮೇನಿಯಾದಲ್ಲಿ ಅದು ಧಾರಾಳ. ನೋರ್ ಗೆಘಿ ಎಂಬಲ್ಲಿ 3 ಲಕ್ಷ ವರ್ಷಕ್ಕೂ ಹಿಂದಿನ ಮನುಷ್ಯರು ಅದನ್ನು ಸೀಳಿ ಆಯುಧ ಮಾಡಿಕೊಂಡದ್ದು ಸಿಕ್ಕಿದೆ. ಇಷ್ಟು ದೊಡ್ಡ ಕತೆ ಇರುವ ಕಲ್ಲಿಗೆ ಇಲ್ಲದ ಮಹಿಮೆ ಹೊರಿಸುವುದು ಯಾತಕ್ಕೆ?

"ಪುರಾತನ ಗ್ರಂಥದ ಪಾಕ, ಆದ್ದರಿಂದ ಗುಣ ಖಂಡಿತ"

ಎರೆವಾನಿನ ಮಾತೆನಾದರಾನ್ ಸುಮಾರು 23 ಸಾವಿರ ಹಸ್ತಪ್ರತಿಗಳ ಭಂಡಾರ. ಅದರಲ್ಲಿ ವೈದ್ಯ ಗ್ರಂಥಗಳೂ ಇವೆ. ಅವುಗಳ ಹೆಸರು ಹೇಳಿ ಮುಲಾಮು, ಕಷಾಯಗಳನ್ನು ಮಾರುತ್ತಾರೆ. ಆ ವೈದ್ಯರು ದೊಡ್ಡವರು, ಸಂಶಯವಿಲ್ಲ. ಮಖಿತಾರ್ ಹೆರಾತ್ಸಿ 1184ರಲ್ಲಿ ಜ್ವರಗಳ ಬಗ್ಗೆ ಬರೆದ ಪುಸ್ತಕವನ್ನು ಜನರಾಡುವ ಮಾತಿನಲ್ಲೇ ಬರೆದರು, ಎಲ್ಲರಿಗೂ ತಿಳಿಯಲೆಂದು. ಕೆಲವು ಜ್ವರಗಳಿಗೆ ಬೂಷ್ಟಿನಂಥದ್ದು ಕಾರಣ ಎಂದು ಊಹಿಸಿದರು. ಹದಿನೈದನೇ ಶತಮಾನದ ಅಮಿರ್ದೊವ್ಲಾತ್ ಅಮಾಸಿಯಾತ್ಸಿ ಗಿಡಮೂಲಿಕೆಗಳ ಹೆಸರುಗಳನ್ನು ಹಲವು ಭಾಷೆಗಳಲ್ಲಿ ಕೊಟ್ಟು ದೊಡ್ಡ ಕೋಶವನ್ನೇ ಕಟ್ಟಿದರು. ತಮ್ಮ ಕಾಲದಲ್ಲಿ ಕಣ್ಣಿಗೆ ಕಂಡದ್ದನ್ನು ಇವರು ಪರೀಕ್ಷಿಸಿದರು, ಹಿಂದಿನವರನ್ನು ಕುರುಡಾಗಿ ಒಪ್ಪಲಿಲ್ಲ. ಅವರ ಹೆಸರಿನಲ್ಲಿ ಪರೀಕ್ಷೆಯೇ ಇಲ್ಲದೆ ಡಬ್ಬಿ ಮಾರಿದರೆ ಅವರಿಗೇ ಅಪಚಾರ. ಕೈಗೆ ಹಚ್ಚುವ ಮುಲಾಮು ಚರ್ಮವನ್ನು ಮೆದು ಮಾಡಿದರೆ ಅಷ್ಟಕ್ಕೆ ಸಂತೋಷ. ಸೋರಿಯಾಸಿಸ್ ವಾಸಿಯಾಗುತ್ತದೆ ಎಂದರೆ ಪುರಾವೆ ಕೇಳಬೇಕು.

"ನೈಸರ್ಗಿಕವಾದದ್ದು ಕೆಡುಕು ಮಾಡುವುದಿಲ್ಲ"

ಥೈಮ್ ಸೊಪ್ಪಿನ ಚಹಾ ಆರ್ಮೇನಿಯಾದ ಮನೆಮನೆಯ ಪಾನೀಯ. ಅಡುಗೆಯ ಅಳತೆಯಲ್ಲಿ ಕುಡಿದರೆ ಹೆಚ್ಚಿನವರಿಗೆ ತೊಂದರೆಯಿಲ್ಲ. ಆದರೆ ಬೆಟ್ಟದ ಸೊಪ್ಪುಗಳೆಲ್ಲ ಒಂದೇ ಅಲ್ಲ. ಹಳದಿ ಹೂವಿನ ಸೇಂಟ್ ಜಾನ್ಸ್ ವರ್ಟ್ ಗರ್ಭನಿರೋಧಕ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಅಂಗ ಕಸಿಯಾದವರು ನುಂಗುವ ಔಷಧಗಳ ಶಕ್ತಿ ತಗ್ಗಿಸುತ್ತದೆ. ಖಿನ್ನತೆಯ ಮಾತ್ರೆಯ ಜೊತೆ ಸೇರಿದರೂ ಅಪಾಯ. ಮಾತ್ರೆ ತಿನ್ನುವ ಹಿರಿಯರಿಗೆ ಇದನ್ನು ಉಡುಗೊರೆ ಕೊಡುವ ಮುನ್ನ ಅವರ ವೈದ್ಯರನ್ನು ಕೇಳಲೇಬೇಕು.

ಎಲ್ಲಕ್ಕಿಂತ ಕಳವಳದ ವಿಷಯ ಏಪ್ರಿಕಾಟ್ ಬೀಜದ ತಿರುಳು. ಏಪ್ರಿಕಾಟ್ ಆರ್ಮೇನಿಯಾದ ಹೆಮ್ಮೆಯ ಹಣ್ಣು. ದುದುಕ್ ವಾದ್ಯವನ್ನು ಕೊರೆಯುವುದೂ ಅದೇ ಮರದಿಂದ. ಅದರ ಕಹಿ ತಿರುಳನ್ನು "ಬಿ17 ವಿಟಮಿನ್" ಎಂದು, ಕ್ಯಾನ್ಸರ್ ಮದ್ದು ಎಂದು ಜಗತ್ತಿನಾದ್ಯಂತ ಮಾರುವವರಿದ್ದಾರೆ. ಅಂಥ ವಿಟಮಿನ್ ಇಲ್ಲ. ಅದರಲ್ಲಿರುವುದು ಅಮಿಗ್ಡಲಿನ್, ಹೊಟ್ಟೆಗೆ ಹೋದಮೇಲೆ ಅದು ಸೈನೈಡ್ ಬಿಡುತ್ತದೆ. ಅಮೆರಿಕದಲ್ಲಿ 178 ರೋಗಿಗಳ ಮೇಲೆ ನಡೆದು 1982ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗುಣ ಕಾಣಲಿಲ್ಲ, ಕೆಲವರಲ್ಲಿ ಸೈನೈಡ್ ವಿಷದ ಲಕ್ಷಣ ಕಂಡಿತು. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಹೇಳಿದಂತೆ, ದೊಡ್ಡವರು ಒಂದು ಸಲಕ್ಕೆ ಮೂರು ಸಣ್ಣ ಹಸಿ ತಿರುಳಿಗಿಂತ ಹೆಚ್ಚು ತಿಂದರೆ ಸುರಕ್ಷಿತ ಮಿತಿ ದಾಟಬಹುದು. ಪುಟ್ಟ ಮಕ್ಕಳು ಆ ಮಿತಿ ದಾಟಲು ಒಂದೇ ಸಾಕು. ಕಾಯಿಲೆಯಲ್ಲಿ ನೊಂದವರ ಆಸೆಯ ಮೇಲೆ ನಡೆಯುವ ಈ ವ್ಯಾಪಾರ ನನಗೆ ಸಿಟ್ಟು ತರಿಸುತ್ತದೆ. ಒಣಹಣ್ಣು ತನ್ನಿ, ಹಂಚಿ. ಕಹಿ ತಿರುಳಿನ ಪೊಟ್ಟಣ ಬೇಡ.

"ಕಾಸು ಕೊಟ್ಟು ಕೊಂಡದ್ದನ್ನೆಲ್ಲ ಊರಿಗೆ ಒಯ್ಯಬಹುದು"

ಹೊಸದಾಗಿ ಮಾಡಿದ ಉಡುಗೊರೆಗಳಿಗೆ ಅಂಗಡಿಯ ರಸೀದಿ ಜೊತೆಗಿದ್ದರೆ ಒಳ್ಳೆಯದು. ಹಳೆಯ ಗಂಬಳಿ, ಹಸ್ತಪ್ರತಿಯ ಹಾಳೆ, ಪುರಾತನ ಲೋಹದ ವಸ್ತುಗಳನ್ನು ಆರ್ಮೇನಿಯಾದಿಂದ ಹೊರಗೆ ಒಯ್ಯಲು ಅಲ್ಲಿನ ಸರ್ಕಾರದ ಅನುಮತಿ ಪತ್ರ ಬೇಕು. ಅದನ್ನು ವಿಮಾನ ನಿಲ್ದಾಣದಲ್ಲಿ ಹುಡುಕುವುದಲ್ಲ, ಚೌಕಾಸಿ ಶುರು ಮಾಡುವ ಮೊದಲೇ ಮಾರುವವರನ್ನು ಕೇಳಬೇಕು.